ಪಿಯಾನೋ ಕಲಿಯಲು ಮಗು ಸಿದ್ಧ; ಮನೆ ಸಿದ್ಧವೇ?

ಹಿಂದೆ ನಮ್ಮ ಊರುಗಳ ಪ್ರಾಥಮಿಕ ಶಾಲೆಗಳಲ್ಲಿ ಮಗುವನ್ನು ಸೇರಿಸಿಕೊಳ್ಳುವ ಮುನ್ನ ಮಾಸ್ತರರು ಒಂದು ಪರೀಕ್ಷೆ ನಡೆಸುತ್ತಿದ್ದರು. ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿಯನ್ನು ಮುಟ್ಟಿಸುವುದು. ಬೆರಳು ಕಿವಿಗೆ ತಾಗಿದರೆ ಹೆಸರು ಹಾಜರಿ ಪುಸ್ತಕಕ್ಕೆ ಏರಿತು. ತಾಗದಿದ್ದರೆ "ಮುಂದಿನ ವರ್ಷ ಕರಕೊಂಡು ಬರ್ರಿ" ಎಂದು ಹೇಳಿ ಕಳಿಸಿಬಿಡುತ್ತಿದ್ದರು. ಈಗ ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಅದರಲ್ಲಿ ಒಂದು ಲೆಕ್ಕವಿತ್ತು. ಚಿಕ್ಕ ಮಗುವಿಗೆ ತಲೆ ದೊಡ್ಡದು, ತೋಳು ಗಿಡ್ಡ. ಆರರ ಸುಮಾರಿಗೆ ತೋಳು ಬೆಳೆದು ಕಿವಿಗೆ ಎಟಕುತ್ತದೆ. ಜನ್ಮದಾಖಲೆ ಇಲ್ಲದ ಆ ಕಾಲದಲ್ಲಿ ಮಾಸ್ತರರು ಕಾಗದವನ್ನಲ್ಲ, ಎದುರಿಗೆ ನಿಂತ ಮಗುವನ್ನು ನೋಡಿ ತೀರ್ಮಾನಿಸುತ್ತಿದ್ದರು.

ಇಂದು ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗುವನ್ನು ಪಿಯಾನೋ ಅಥವಾ ಕೀಬೋರ್ಡ್ ಕ್ಲಾಸಿಗೆ ಸೇರಿಸುವ ಪ್ರಶ್ನೆ ಬಂದಾಗ ಅಷ್ಟನ್ನಾದರೂ ನೋಡುವವರು ಯಾರು? ಘಾಟಕೋಪರದಿಂದ ಡೊಂಬಿವಲಿಯವರೆಗೆ, ವಾಶಿಯಿಂದ ಮೀರಾ ರೋಡಿನವರೆಗೆ ಕೇಳಿಬರುವ ಮಾತು ಒಂದೇ: "ನಮ್ಮವಳಿಗೆ ನಾಲ್ಕು ತುಂಬಿತು, ಪಿಯಾನೋಕ್ಕೆ ಹಾಕಿದೆವು. ನಿಮ್ಮವನನ್ನು ಇನ್ನೂ ಹಾಕಿಲ್ಲವೇ?" ಈ 'ಇನ್ನೂ' ಎಂಬ ಒಂದು ಶಬ್ದವೇ ಸಾಕು. ಮಾರನೆಯ ತಿಂಗಳು ಕಂತಿನ ಮೇಲೆ ಕೀಬೋರ್ಡ್ ಮನೆಗೆ ಬರುತ್ತದೆ. ಮೊದಲ ವಾರ ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಾರೆ. ಮೂರನೆಯ ತಿಂಗಳಿಗೆ ಅದರ ಮೇಲೆ ಇಸ್ತ್ರಿಯ ಬಟ್ಟೆ. ವರ್ಷ ತುಂಬುವಷ್ಟರಲ್ಲಿ ಹಳೆಯ ಚಾದರ ಹೊದ್ದು ಕಪಾಟಿನ ಹಿಂದೆ ನಿಂತಿರುತ್ತದೆ. ದುಡ್ಡು ಹೋದರೆ ಹೋಯಿತು, ನಾಳೆ ದುಡಿದೇವು. ಆದರೆ ಬಂದ ನೆಂಟರೆದುರು, ಮಗುವಿನ ಎದುರಿಗೇ ನಾವು ಒಂದು ಮಾತು ಹೇಳಿಬಿಡುತ್ತೇವಲ್ಲ: "ಅವನಿಗೆ ಸಂಗೀತ ತಲೆಗೆ ಹತ್ತೋದಿಲ್ಲ." ಏಳು ವರ್ಷದ ಹುಡುಗನಿಗೆ ಜೀವಮಾನಕ್ಕೆಲ್ಲ ಸಾಕಾಗುವಂಥ ಸರ್ಟಿಫಿಕೇಟು ಅದು. ಅದನ್ನು ಅವನು ಎಪ್ಪತ್ತನೆಯ ವಯಸ್ಸಿನವರೆಗೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಈ ಸರ್ಟಿಫಿಕೇಟು ಹಂಚುವ ಕೆಲಸದ ವಿರುದ್ಧವೇ ನಮ್ಮ ಈ ಬರಹ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಬೇಕು. ಪಿಯಾನೋ ಪರದೇಶದ್ದು, ನಮ್ಮ ಮಕ್ಕಳಿಗೆ ಅದೇಕೆ ಎಂದು ಹುಬ್ಬು ಗಂಟಿಕ್ಕುವ ಹಿರಿಯರ ಪಕ್ಷ ನಮ್ಮದಲ್ಲ. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ರೂಪಿಸಿದ ವಾದ್ಯವದು, ನಿಜ. ಪಿಟೀಲು ಕೂಡ ಹಾಗೆಯೇ ಬಂದು ನಮ್ಮದಾಯಿತಲ್ಲ? ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು (1919–1974) ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಲಂಡನ್ನಿನಲ್ಲಿ ನೆಲೆಸಿದ್ದ ರಶ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು 1940ರ ದಶಕದಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದು ಕಲಿತರೆ ಇನ್ನೊಂದು ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪಿಯಾನೋದಲ್ಲಿ ಗಮಕ ನುಡಿಯದು ಎಂಬುದು ಸತ್ಯ. ಇದೇ ಬಗೆಯ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಅದು ವಾದ್ಯದ ಮಿತಿಯೇ ಹೊರತು ಮಗುವನ್ನು ತಡೆಯಲು ಕಾರಣವಲ್ಲ. ಕಲಿಯಲಿ, ಚೆನ್ನಾಗಿ ಕಲಿಯಲಿ. ನಮ್ಮ ಜಗಳವಿರುವುದು ಅವಸರದೊಂದಿಗೆ ಮಾತ್ರ.

ಅವಸರದವರ ಬತ್ತಳಿಕೆಯಲ್ಲಿ ನಾಲ್ಕು ಬಾಣಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಮೊಝಾರ್ಟ್. "ಅವನು ನಾಲ್ಕನೆಯ ವಯಸ್ಸಿಗೇ ಬಾರಿಸುತ್ತಿದ್ದನಂತೆ!" ಹೌದು ಸ್ವಾಮಿ, ಬಾರಿಸುತ್ತಿದ್ದ. ಆದರೆ ಕಥೆಯನ್ನು ಪೂರ್ತಿ ಹೇಳಿ. ಅವನ ತಂದೆ ಲಿಯೊಪೋಲ್ಡ್ ಮೊಝಾರ್ಟ್ ವೃತ್ತಿಯಿಂದಲೇ ಸಂಗೀತಗಾರ. ಮಗ ಹುಟ್ಟಿದ 1756ರಲ್ಲೇ ಪಿಟೀಲು ಕಲಿಸುವ ವಿಧಾನದ ಮೇಲೆ ಪುಸ್ತಕ ಪ್ರಕಟಿಸಿದಾತ. ಅವನು ಮೊದಲು ಕಲಿಸಲಾರಂಭಿಸಿದ್ದು ಹಿರಿಯ ಮಗಳು ನಾನರ್ಲ್‌ಗೆ, ಅದೂ ಅವಳಿಗೆ ಏಳರ ಸುಮಾರಾದಾಗ. ಅಕ್ಕನ ಪಾಠವನ್ನು ಪಕ್ಕದಲ್ಲಿ ಕೂತು ನೋಡಿ, ಕೇಳಿ, ತಾನೇ ಕೈಹಾಕಿ ಸ್ವರಗಳನ್ನು ಹುಡುಕತೊಡಗಿದ್ದು ತಮ್ಮ. ಅಂದರೆ ಆ ಮನೆಯಲ್ಲಿ ಗುರು ಇದ್ದ, ವಾದ್ಯವಿತ್ತು, ದಿನವೂ ಪಾಠ ನಡೆಯುತ್ತಿತ್ತು, ನೋಡಿ ಕಲಿಯಲು ಅಕ್ಕನಿದ್ದಳು. ಬೆಳಗ್ಗೆ 7-42ರ ಲೋಕಲಿಗೆ ಓಡಿ ರಾತ್ರಿ ಎಂಟೂವರೆಗೆ ಮನೆ ಮುಟ್ಟುವ ನಾವು ಲಿಯೊಪೋಲ್ಡನ ಮಗನನ್ನು ಬೇಡುವ ಮುನ್ನ ಲಿಯೊಪೋಲ್ಡನ ಮನೆಯನ್ನು ನೋಡುವುದು ಒಳ್ಳೆಯದು.

ಎರಡನೆಯ ಬಾಣ ಮೆದುಳಿನದು. "ಚಿಕ್ಕಂದಿನಲ್ಲೇ ಪಿಯಾನೋ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತ ಬರುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ." ವಿಜ್ಞಾನವನ್ನು ಒಂದಿಷ್ಟು ಓದಿದವರಾಗಿ ನಾವು ಕೇಳುತ್ತೇವೆ: ಯಾವ ವಿಜ್ಞಾನಿ, ಏನು ಹೇಳಿದ್ದು? 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ, ಮುಂದೆ 'ಮೊಝಾರ್ಟ್ ಪರಿಣಾಮ' ಎಂದು ಜಗತ್ತೆಲ್ಲ ಡಂಗುರ ಸಾರಿದ ಪ್ರಯೋಗ ನಡೆದದ್ದು 36 ಕಾಲೇಜು ವಿದ್ಯಾರ್ಥಿಗಳ ಮೇಲೆ. ಮಕ್ಕಳ ಮೇಲಲ್ಲ. ಅವರು ಪಿಯಾನೋ ಬಾರಿಸಲೂ ಇಲ್ಲ, ಹತ್ತು ನಿಮಿಷ ಕೇಳಿದರು, ಅಷ್ಟೇ. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಡಿಸುವ ಒಂದು ಬಗೆಯ ಪ್ರಶ್ನೆಗಳಲ್ಲಿ ಅವರಿಗೆ ಹೆಚ್ಚು ಅಂಕ ಬಂತು. ಆ ಲಾಭವೂ ಹತ್ತು-ಹದಿನೈದು ನಿಮಿಷದಲ್ಲಿ ಕರಗಿಹೋಯಿತು. ಇದನ್ನೇ ನಂಬಿ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು, ಹುಟ್ಟಿದ ಪ್ರತಿಯೊಂದು ಕೂಸಿಗೂ ಸಂಗೀತದ ತಟ್ಟೆ ಹಂಚಲು ಬಜೆಟ್ಟಿನಲ್ಲಿ ಹಣ ಕೇಳಿದರು! ಹುಚ್ಚು ನಮಗೊಬ್ಬರಿಗೇ ಅಲ್ಲ ಎಂಬ ಸಮಾಧಾನ ಬೇಕಿದ್ದರೆ ಪಡೆಯಬಹುದು.

ಇನ್ನೊಂದು ಸಂಶೋಧನೆ ಗಟ್ಟಿಯಾದದ್ದು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏಳು ವರ್ಷಕ್ಕೆ ಮುಂಚೆ ಕಲಿಯತೊಡಗಿದ ಸಂಗೀತಗಾರರಲ್ಲಿ ಎಡಮೆದುಳನ್ನೂ ಬಲಮೆದುಳನ್ನೂ ಸೇರಿಸುವ ನರತಂತುಗಳ ಸೇತುವೆಯ ಮುಂಭಾಗ ಇತರರಿಗಿಂತ ದೊಡ್ಡದಾಗಿ ಕಂಡಿತು. ಸರಿ. ಆದರೆ ಮೂರು ವಿಷಯ ಗಮನಿಸಿ. ಅಲ್ಲಿರುವ ಗಡಿ ಏಳು, ಮೂರೂವರೆಯಲ್ಲ. ಎರಡನೆಯದಾಗಿ, ಪರೀಕ್ಷೆಗೆ ಒಳಗಾದವರು ಬಿಡದೆ ಕಲಿತು ಸಂಗೀತಗಾರರಾಗಿಯೇ ನಿಂತವರು. ನಾಲ್ಕಕ್ಕೆ ಸೇರಿ ಆರಕ್ಕೆ ಅತ್ತು ಬಿಟ್ಟ ಮಗುವಿನ ಮೆದುಳನ್ನು ಅಲ್ಲಿ ಯಾರೂ ಅಳೆದಿಲ್ಲ. ಮೂರನೆಯದಾಗಿ, ಸೇತುವೆ ಬೆಳೆದದ್ದು ವರ್ಷಗಟ್ಟಲೆ ದಿನವೂ ನಡೆದ ಸಾಧನೆಯಿಂದಲೋ, ಬೇಗ ಫೀಸು ಕಟ್ಟಿದ್ದರಿಂದಲೋ? ಯೋಚಿಸಿ.

ಮೂರನೆಯ ಬಾಣ: "ಮುಂದೆ ಶಾಲೆಯ ಹೊರೆ ಹೆಚ್ಚುತ್ತದೆ, ಈಗಲೇ ಮುಗಿಸಿಬಿಡಬೇಕು." ಸಂಗೀತವೆಂದರೆ ಲಸಿಕೆಯೇ, ಇಂತಿಷ್ಟು ವಯಸ್ಸಿನೊಳಗೆ ಹಾಕಿಸಿ ಮುಗಿಸಲು? ಈ ಅವಸರಕ್ಕೆ ಅಡ್ಡ ನಿಲ್ಲುವುದು ಯಾರ ತತ್ತ್ವವೂ ಅಲ್ಲ, ವಾದ್ಯದ ಅಳತೆ. ಪಿಟೀಲಿಗೆ ಮಕ್ಕಳ ಗಾತ್ರವಿದೆ; ಅರ್ಧ, ಕಾಲು, ಹದಿನಾರರಲ್ಲೊಂದು ಎಂದು ಮಗುವಿನ ತೋಳಿಗೆ ತಕ್ಕಂತೆ ಸಿಗುತ್ತದೆ. ಪಿಯಾನೋ ಹಾಗೆ ಕುಗ್ಗುವುದಿಲ್ಲ. ನಲವತ್ತರ ಗಂಡಸಿಗೂ ನಾಲ್ಕರ ಕೂಸಿಗೂ ಅದೇ 88 ಕೀಗಳು, 52 ಬಿಳಿ, 36 ಕಪ್ಪು. ಒಂದು ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರು. ಐದು ಬೆರಳನ್ನು ಐದು ಕೀಗಳ ಮೇಲೆ ಇಡಬೇಕೆಂದರೆ ಕೈ 12 ಸೆಂಟಿಮೀಟರು ಹರಡಬೇಕು. ನಿಜವಾದ ಪಿಯಾನೋದ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಬೇಕು, ಇಳಿಯುವ ಆಳ ಸುಮಾರು 10 ಮಿಲಿಮೀಟರು. ದೊಡ್ಡವರಿಗೆ ಇದು ಏನೂ ಅಲ್ಲ. ಕಿರುಬೆರಳಿನಿಂದ ಒತ್ತುವ ನಾಲ್ಕು ವರ್ಷದವಳಿಗೆ ಇದು ಮೈಯೆಲ್ಲ ಬಿಗಿಹಿಡಿಯುವ ಕೆಲಸ. ಹೀಗೆ ಬಿಗಿಹಿಡಿದು ಕಲಿತ ಕೈಯನ್ನು ಆಮೇಲೆ ಸಡಿಲಗೊಳಿಸಲು ಒಳ್ಳೆಯ ಗುರುಗಳಿಗೆ ವರ್ಷಗಳೇ ಬೇಕಾಗುತ್ತವೆ.

ಇನ್ನೂ ಒಂದು ಸಂಗತಿ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಕೂಸು ಹುಟ್ಟಿದಾಗ ಎಕ್ಸ್‌ರೇ ತೆಗೆದರೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ, ಎಲ್ಲವೂ ಮೆತ್ತನೆಯ ಎಲುಬು. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಎಂಟನೆಯದು ಕಾಣಿಸಿಕೊಳ್ಳುವಾಗ ಮಗುವಿಗೆ ಒಂಬತ್ತೋ ಹತ್ತೋ ದಾಟಿರುತ್ತದೆ. ಡಾಕ್ಟರರು ಮಗುವಿನ ಬೆಳವಣಿಗೆಯನ್ನು ಅಂದಾಜು ಮಾಡುವುದು ಇದನ್ನು ನೋಡಿಯೇ. ಅಲ್ಲಿಯವರೆಗೆ ಬಾರಿಸಬಾರದು ಎಂದು ನಾವು ಹೇಳುತ್ತಿಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳ ಕೈಗೆ ಒಂದೇ ವಯಸ್ಸಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವವರಿಗೆ ಈ ಎಂಟು ಮೂಳೆಗಳು ಉತ್ತರ ಹೇಳಲಿ.

ನಾಲ್ಕನೆಯ ಬಾಣ, ಎಲ್ಲಕ್ಕಿಂತ ಹರಿತವಾದದ್ದು, ಗ್ರೇಡ್ ಪರೀಕ್ಷೆ. ಟ್ರಿನಿಟಿ ಕಾಲೇಜಾಗಲಿ, 1889ರಲ್ಲಿ ಹುಟ್ಟಿದ ಅಸೋಸಿಯೇಟೆಡ್ ಬೋರ್ಡಾಗಲಿ ಲಂಡನ್ನಿನ ಹಳೆಯ, ಗೌರವದ ಸಂಸ್ಥೆಗಳು. ಒಂದರಿಂದ ಎಂಟರವರೆಗಿನ ಅವರ ಗ್ರೇಡುಗಳಿಗೆ ವಯಸ್ಸಿನ ಕಟ್ಟುಪಾಡಿಲ್ಲ. ಆರರವನೂ ಕೂಡಬಹುದು, ಅರವತ್ತರವರೂ ಕೂಡಬಹುದು. ಅಂದ ಮೇಲೆ ಇಷ್ಟನೆಯ ವಯಸ್ಸಿಗೆ ಇಷ್ಟನೆಯ ಗ್ರೇಡು ಎಂಬ ಪಟ್ಟಿ ಎಲ್ಲಿಂದ ಬಂತು? ನಾವೇ ಮಾಡಿಕೊಂಡದ್ದು. ಸರ್ವಿಸ್ ಬುಕ್ಕು, ಬಡ್ತಿ, ಸೀನಿಯಾರಿಟಿ ಲಿಸ್ಟುಗಳ ನಡುವೆ ಹಗಲು ಕಳೆಯುವ ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರು ಅದನ್ನೇ ಮಗುವಿನ ಬೆರಳುಗಳಿಗೂ ತಂದು ಅಂಟಿಸುತ್ತಿದ್ದೇವೆ. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಪರೀಕ್ಷೆಗೆ ಮೂರು ಕೃತಿಗಳನ್ನು ನುಡಿಸಬೇಕು. ಸರಿ, ವರ್ಷಪೂರ್ತಿ ಆ ಮೂರನ್ನೇ ತಿಕ್ಕಿಸುವುದು! ಪರೀಕ್ಷೆ ಮುಗಿದ ಮಾರನೆಯ ದಿನ ನಾಲ್ಕನೆಯದೊಂದನ್ನು ಎದುರಿಗಿಟ್ಟರೆ ಮಗು ಅಪ್ಪನ ಮುಖ ನೋಡುತ್ತದೆ. ಇದು ಆ ಸಂಸ್ಥೆಗಳ ದೋಷವಲ್ಲ. ತೂಕದ ಕಲ್ಲನ್ನೇ ಊಟವೆಂದು ಬಡಿಸುವ ನಮ್ಮ ದೊಡ್ಡವರ ಬುದ್ಧಿಯ ದೋಷ.

ಇದನ್ನೆಲ್ಲ ಓದಿ ಇನ್ನೊಂದು ಗುಂಪಿನವರು ಒಳಗೊಳಗೇ ಸಂತೋಷಪಡುತ್ತಿರಬಹುದು. "ಅದಕ್ಕೇ ನಾವು ಹತ್ತನೆಯ ತರಗತಿ ಮುಗಿಯಲಿ ಎನ್ನುವುದು." ಅವರಿಗೂ ನಮ್ಮ ನಮಸ್ಕಾರ. ಹತ್ತು ಮುಗಿದ ಮೇಲೆ ಹನ್ನೆರಡು, ಹನ್ನೆರಡು ಮುಗಿದ ಮೇಲೆ ಪ್ರವೇಶ ಪರೀಕ್ಷೆ, ಆಮೇಲೆ ನೌಕರಿ, ಆಮೇಲೆ ಮದುವೆ. ಕಾಲ ಕೂಡಿ ಬರಲಿ ಎಂದು ಕಾದವರಿಗೆ ಅದು ಕೂಡಿ ಬರುವುದು ಪಿಂಚಣಿಯ ಜೊತೆಗೇ. ಅವಸರವೂ ಸೋಮಾರಿತನವೂ ಒಂದೇ ತಪ್ಪಿನ ಎರಡು ಮುಖ. ಇಬ್ಬರೂ ಕ್ಯಾಲೆಂಡರನ್ನು ನೋಡುತ್ತಾರೆ, ಮಗುವನ್ನು ನೋಡುವುದಿಲ್ಲ.

ಹಾಗಾದರೆ ಮಗುವಿನಲ್ಲಿ ನೋಡಬೇಕಾದದ್ದು ಏನು? ನಮ್ಮ ದೃಷ್ಟಿಯಲ್ಲಿ ಐದು. ಯಾವುದಕ್ಕೂ ದುಡ್ಡು ಬೇಕಿಲ್ಲ, ಮನೆಯಲ್ಲೇ ನೋಡಬಹುದು.

ಒಂದು, ಯಾರೂ ಗದರಿಸದೆ ಒಂದೇ ಕೆಲಸದ ಮೇಲೆ, ಚಿತ್ರ ಬರೆಯುವುದಾಗಲಿ, ಅಕ್ಕಿಯೊಳಗಿನ ಕಲ್ಲು ಆರಿಸುವುದಾಗಲಿ, ಹದಿನೈದು ನಿಮಿಷ ಕೂಡುತ್ತದೆಯೇ? ಮೊಬೈಲಿನ ಮುಂದೆ ಕೂತದ್ದು ಈ ಲೆಕ್ಕಕ್ಕೆ ಬಾರದು. ಅಲ್ಲಿ ಮಗು ಕೂತಿರುವುದಿಲ್ಲ, ಹಿಡಿದು ಕೂಡಿಸಲ್ಪಟ್ಟಿರುತ್ತದೆ. ಎರಡು, ಎಡ-ಬಲ ತಿಳಿಯುತ್ತದೆಯೇ, ಒಂದರಿಂದ ಐದು ಎಣಿಸಿ ಬೆರಳಿಗೆ ಹೊಂದಿಸುತ್ತದೆಯೇ, ನಾಲ್ಕಾರು ಅಕ್ಷರ ಗುರುತಿಸುತ್ತದೆಯೇ? ಪಿಯಾನೋ ಪಾಠದಲ್ಲಿ ಹೆಬ್ಬೆರಳು ಒಂದು, ಕಿರುಬೆರಳು ಐದು. ಸ್ವರಗಳಿಗೆ ಇಂಗ್ಲಿಷಿನ ಮೊದಲ ಏಳು ಅಕ್ಷರಗಳು. ಯಾವ ಭಾಷೆಯಲ್ಲೂ ಓದು ಆರಂಭವಾಗದ ಮಗುವಿಗೆ ಸ್ವರಲಿಪಿ ಓದಿಸುವುದೆಂದರೆ ಅಡಿಪಾಯವಿಲ್ಲದೆ ಎರಡನೆಯ ಮಾಳಿಗೆ ಕಟ್ಟಿದಂತೆ. ಮೂರು, ಊಟದ ಮೇಜಿನ ಮೇಲೆ ಅಂಗೈಯಲ್ಲಿ ಕಿತ್ತಳೆ ಹಿಡಿದಂತೆ ಕೈ ಗುಂಡಗಿಟ್ಟು, ಒಂದೊಂದೇ ಬೆರಳನ್ನು ಕುಟ್ಟಲು ಹೇಳಿ. ಒಂದು ಬೆರಳು ಇಳಿದಾಗ ಉಳಿದ ನಾಲ್ಕೂ ಕುಣಿದರೆ ಇನ್ನೂ ಆರು ತಿಂಗಳು ಕಾಯಬಹುದು. ಉಂಗುರದ ಬೆರಳು ದೊಡ್ಡವರಿಗೂ ಪೂರ್ತಿ ವಶವಾಗುವುದಿಲ್ಲ, ಅದಕ್ಕೆ ರಿಯಾಯಿತಿ ಕೊಡಿ. ನಾಲ್ಕು, ಗೊತ್ತಿರುವ ಒಂದು ಹಾಡನ್ನು ಆರಂಭದಿಂದ ಕೊನೆಯವರೆಗೆ ದಾರಿ ತಪ್ಪದೆ ಹಾಡುತ್ತದೆಯೇ, ನೀವು ತಟ್ಟಿದ ಚಪ್ಪಾಳೆಗೆ ಸರಿಯಾಗಿ ಮರುಚಪ್ಪಾಳೆ ತಟ್ಟುತ್ತದೆಯೇ?

ಐದನೆಯದು ಎಲ್ಲಕ್ಕಿಂತ ಮುಖ್ಯ. ಮಗು ತಾನಾಗಿ ಕೇಳಿತೇ? ಒಮ್ಮೆ ಕೇಳಿದ್ದು ಸಾಲದು. ಮಕ್ಕಳು ಜಾತ್ರೆಯಲ್ಲಿ ಕಂಡದ್ದನ್ನೆಲ್ಲ ಕೇಳುತ್ತಾರೆ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿತೇ? ಯಾರದೋ ಮನೆಯಲ್ಲಿ ವಾದ್ಯ ಕಂಡಾಗ ಆಟ ಬಿಟ್ಟು ಅದರ ಹತ್ತಿರ ಹೋಗಿ ನಿಂತಿತೇ? ಈ ಐದೂ ಕೂಡಿ ಬರುವುದು ಹೆಚ್ಚಿನ ಮಕ್ಕಳಲ್ಲಿ ಆರು-ಏಳರ ಸುಮಾರಿಗೆ. ಕೆಲವರಲ್ಲಿ ಐದಕ್ಕೇ ಬರಬಹುದು, ಕೆಲವರಲ್ಲಿ ಒಂಬತ್ತಕ್ಕೆ. ಒಂಬತ್ತಕ್ಕೆ ಆರಂಭಿಸಿದವಳು ನಾಲ್ಕಕ್ಕೆ ಆರಂಭಿಸಿದವಳ ಎರಡು ವರ್ಷದ ಪಾಠವನ್ನು ಕೆಲವೇ ತಿಂಗಳಲ್ಲಿ ದಾಟಿಬಿಟ್ಟರೆ ಆಶ್ಚರ್ಯವಿಲ್ಲ, ಏಕೆಂದರೆ ಅವಳ ಕಣ್ಣು, ಕೈ, ಓದು ಎಲ್ಲವೂ ಆಗಲೇ ತಯಾರಾಗಿರುತ್ತವೆ.

ಇಲ್ಲಿಯವರೆಗೆ ಮಗುವಿನ ಮಾತಾಯಿತು. ಇನ್ನು ನಮ್ಮ ಸರದಿ. ಮಗು ಸಿದ್ಧವೇ ಎಂದು ಕೇಳಲು ಎಲ್ಲರೂ ಮುಂದು. ಮನೆ ಸಿದ್ಧವೇ ಎಂದು ಕೇಳಿಕೊಳ್ಳುವವರು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ನೂರಕ್ಕೆ ನೂರು ಮುಖ್ಯವಾದ ಪ್ರಶ್ನೆ ಇದೇ.

ಜಪಾನಿನ ಶಿನಿಚಿ ಸುಝುಕಿ (1898–1998) ಎಂಬ ಪಿಟೀಲು ಗುರುವಿನ ಹೆಸರನ್ನು ಬೇಗ ಸೇರಿಸುವವರು ಬಹಳ ಉಪಯೋಗಿಸುತ್ತಾರೆ. ಮಗು ತಾಯಿನುಡಿಯನ್ನು ಕಲಿಯುವಂತೆಯೇ ಸಂಗೀತವನ್ನೂ ಕಲಿಯಬಲ್ಲದು ಎಂದು ತೋರಿಸಿ, ಮೂರು-ನಾಲ್ಕರ ಮಕ್ಕಳಿಗೆ ಕಲಿಸಿದ ಮಹನೀಯರು ಅವರು. ಆದರೆ ಅವರ ಪದ್ಧತಿಯಲ್ಲಿ ಮೊದಲು ಕಲಿಯುವುದು ತಾಯಿ! ತಾಯಿ ಒಂದು ಹಾಡು ನುಡಿಸಲು ಕಲಿಯಬೇಕು, ಮನೆಯಲ್ಲಿ ಆ ಹಾಡು ದಿನವೂ ಕೇಳಿಸುತ್ತಿರಬೇಕು, ಪ್ರತಿ ಪಾಠಕ್ಕೂ ಹೆತ್ತವರು ಜೊತೆಗೆ ಕೂಡಬೇಕು, ಇದನ್ನೆಲ್ಲ ನೋಡಿ ಮಗು "ನನಗೂ ಕೊಡು" ಎಂದ ಮೇಲೆಯೇ ಅದರ ಕೈಗೆ ವಾದ್ಯ. ನಾವು ಮಾಡುವುದೇನು? 'ಮೂರು ವರ್ಷ' ಎಂಬುದನ್ನು ಮಾತ್ರ ಎತ್ತಿಕೊಂಡು, 'ತಾಯಿ-ತಂದೆ' ಎಂಬುದನ್ನು ಬಿಟ್ಟುಬಿಡುತ್ತೇವೆ. ಅಂದಹಾಗೆ, ಆ ಸುಝುಕಿಯವರೇ ಪಿಟೀಲು ಕೈಗೆತ್ತಿಕೊಂಡದ್ದು ಹದಿನೇಳರ ಸುಮಾರಿಗೆ, ಗ್ರಾಮಫೋನಿನಲ್ಲಿ ಒಂದು ಹಾಡು ಕೇಳಿ ಮರುಳಾಗಿ.

ಆದ್ದರಿಂದ ಕ್ಲಾಸಿನ ಅರ್ಜಿ ತುಂಬುವ ಮುನ್ನ ಗಂಡ-ಹೆಂಡತಿ ಎದುರುಬದುರು ಕೂತು ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಲಿ. ವಾರಕ್ಕೆ ಐದು ದಿನ, ದಿನಕ್ಕೆ ಹದಿನೈದು ನಿಮಿಷ, ಮಗುವಿನ ಪಕ್ಕ ಕೂಡುವವರು ಯಾರು? ಹೆಸರು ಬರೆಯಿರಿ. "ನೋಡೋಣ" ಎಂಬ ಹೆಸರಿನವರು ಯಾರ ಮನೆಯಲ್ಲೂ ಇಲ್ಲ. ಆ ಹದಿನೈದು ನಿಮಿಷ ಟಿ.ವಿ. ಬಂದ್ ಇರುತ್ತದೆಯೇ, ಅಪ್ಪನ ಮೊಬೈಲೂ? ವಾದ್ಯವನ್ನು ತೆರೆದೇ ಇಡಲು ಜಾಗವಿದೆಯೇ? ಒಂದೇ ಕೋಣೆಯ ಸರಕಾರಿ ಕ್ವಾರ್ಟರ್ಸಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಕಪಾಟಿನಿಂದ ಇಳಿಸಿ, ವೈರು ಜೋಡಿಸಿ, ಮತ್ತೆ ಏರಿಸಬೇಕಾದ ವಾದ್ಯ ಮೂರನೆಯ ವಾರಕ್ಕೆ ಇಳಿಯುವುದನ್ನು ನಿಲ್ಲಿಸುತ್ತದೆ. ಎರಡು ವರ್ಷದ ಫೀಸು ಲೆಕ್ಕದಲ್ಲಿ ಕೂಡುತ್ತದೆಯೇ? ನಮಗೆ ಸಿಗುವ ಮಕ್ಕಳ ಶಿಕ್ಷಣ ಭತ್ಯೆ ಶಾಲೆಗೆ. ಅದರಲ್ಲಿ ಪಿಯಾನೋಕ್ಕೆಂದು ಅಂಕಣವಿಲ್ಲ. ಮೂರು ತಿಂಗಳು ನೋಡೋಣ ಎನ್ನುವುದಾದರೆ ಈಗ ಬೇಡವೇ ಬೇಡ, ಏಕೆಂದರೆ ಮೊದಲ ಮೂರು ತಿಂಗಳಲ್ಲಿ ಯಾವ ಮಗುವಿನಿಂದಲೂ ಕೇಳುವಂಥದ್ದು ಏನೂ ಹೊರಡುವುದಿಲ್ಲ. ಕೊನೆಯದಾಗಿ, ನೆಂಟರು ಬಂದಾಗ "ಬಾ ಪುಟ್ಟಾ, ಮಾಮನಿಗೆ ಬಾರಿಸಿ ತೋರಿಸು" ಎಂದು ಎಳೆದು ತಾರದೆ ಇರುವ ಸಂಯಮ ನಮ್ಮಲ್ಲಿದೆಯೇ?

ವಾದ್ಯದ ಬಗೆಗೆ ಎರಡು ಮಾತು. ನಿಜವಾದ ಪಿಯಾನೋ ಕೊಳ್ಳುವ ಆಸೆ ನಮ್ಮಂಥವರಿಗೆ ಬೇಕಿಲ್ಲ. ಅದರ ಇನ್ನೂರಕ್ಕೂ ಹೆಚ್ಚಿನ ತಂತಿಗಳು ಒಟ್ಟಿಗೆ ಹದಿನೈದು ಟನ್ನಿಗೂ ಮೀರಿ ಎಳೆಯುತ್ತಿರುತ್ತವೆ. ಮುಂಬಯಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಮರ ಉಬ್ಬುತ್ತದೆ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಜಾರುತ್ತದೆ. ಮೊದಲ ವರ್ಷಕ್ಕೆ 61 ಕೀಗಳ ಕೀಬೋರ್ಡ್ ನಡೆಯುತ್ತದೆ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿ ಒತ್ತಿದರೆ ಗಟ್ಟಿಯಾಗಿ ನುಡಿಯುವಂಥದ್ದೇ ಇರಲಿ. ಮಗು ನಿಂತರೆ ಆಮೇಲೆ ಭಾರದ ಕೀಗಳಿರುವ 88ರ ಡಿಜಿಟಲ್ ಪಿಯಾನೋದ ಮಾತು. ಒಂದು ಗುಂಡಿ ಒತ್ತಿದರೆ ತಬಲಾ, ಡ್ರಮ್ಮು ಎಲ್ಲ ತಾನೇ ಬಾರಿಸುವ ಸೌಲಭ್ಯವನ್ನು ಮೊದಲ ವರ್ಷ ಮರೆತುಬಿಡಿ. ಅದು ಮಗುವಿಗೆ ಕಲಿಸುವುದು ಗುಂಡಿ ಒತ್ತುವುದನ್ನು ಮಾತ್ರ.

ಕ್ಲಾಸು ನಡೆಸುವವರಿಗೂ ಒಂದು ಪ್ರಶ್ನೆ ಇದೆ. 'ಮೂರು ವರ್ಷದಿಂದ ಪ್ರವೇಶ' ಎಂದು ಬೋರ್ಡು ಹಾಕುತ್ತೀರಿ. ಬಂದ ಮಕ್ಕಳಲ್ಲಿ ಎಷ್ಟು ಜನರನ್ನು "ಮುಂದಿನ ವರ್ಷ ಕರೆತನ್ನಿ" ಎಂದು ಹಿಂದಕ್ಕೆ ಕಳಿಸಿದ್ದೀರಿ? ಒಬ್ಬರನ್ನೂ ಕಳಿಸದಿದ್ದರೆ ನೀವು ಪರೀಕ್ಷಿಸುತ್ತಿರುವುದು ಮಗುವಿನ ಕೈಯನ್ನಲ್ಲ, ಅಪ್ಪನ ಕಿಸೆಯನ್ನು. ಮಗುವನ್ನು ಹಿಂದಕ್ಕೆ ಕಳಿಸಬಲ್ಲ ಗುರುಗಳು ಈ ನಗರದಲ್ಲಿ ಇದ್ದಾರೆ. ಅಂಥವರು ಸಿಕ್ಕರೆ, ಕಾಯಬೇಕಾದರೂ ಸರಿ, ಅವರನ್ನೇ ಹಿಡಿಯಿರಿ.

"ಹಾಗಾದರೆ ಆರರವರೆಗೆ ಮಗು ಸುಮ್ಮನೆ ಕೂಡಬೇಕೇ?" ಸುಮ್ಮನೆ ಏಕೆ ಕೂಡಬೇಕು? ಹಾಡಲಿ! ಹಂಗೇರಿಯ ಜೋಲ್ತಾನ್ ಕೊದಾಯ್ (1882–1967) ಎಂಬ ದೊಡ್ಡ ಸಂಗೀತಕಾರ ತನ್ನ ದೇಶದ ಶಾಲೆಗಳಿಗೆ ಹೇಳಿದ್ದು ಇದನ್ನೇ: ವಾದ್ಯಕ್ಕೆ ಮುಂಚೆ ಕಂಠ, ಅದೂ ತಾಯಿನುಡಿಯ ಜನಪದ ಹಾಡಿನಿಂದ ಆರಂಭ. ಇದನ್ನು ಹಂಗೇರಿಯಿಂದ ತರಿಸಿಕೊಳ್ಳಬೇಕಾದ ಗತಿ ನಮಗಿಲ್ಲ. ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರು ಮಾಯಾಮಾಳವಗೌಳದಲ್ಲಿ ಪಾಠ ಆರಂಭಿಸುವ ಕ್ರಮವನ್ನು ಹಾಕಿಕೊಟ್ಟರು ಎಂಬುದು ನಮ್ಮ ಪರಂಪರೆಯ ಮಾತು. ವೀಣೆ ಕಲಿಯುವವರೂ ಸರಳೆ ವರಸೆಯನ್ನು ಬಾಯಲ್ಲಿ ಹೇಳಿಯೇ ಬೆರಳಿಗೆ ಇಳಿಸುತ್ತಾರೆ. ಆ ರಾಗವನ್ನೇ ಕೀಬೋರ್ಡಿನ ಮೇಲೆ ಹುಡುಕಿ ನೋಡಿ. ಇಂಗ್ಲಿಷಿನ 'ಸಿ' ಸ್ವರವನ್ನು ಷಡ್ಜವಾಗಿಟ್ಟುಕೊಂಡರೆ ರಿ ಮತ್ತು ಧ ಎರಡೇ ಕಪ್ಪು ಕೀಗಳು, ಉಳಿದವೆಲ್ಲ ಬಿಳಿ. ಹಾಡಿ ಕಲಿತ ಮಗು ಇದನ್ನು ಒಂದು ಸಂಜೆಯಲ್ಲಿ ತಾನೇ ಹುಡುಕಿ ಹಿಡಿಯುತ್ತದೆ. ಹಾಡು ಬಾರದ ಮಗುವಿಗೆ ಅವು ಬರೀ ಗುಂಡಿಗಳು.

ಊರಿನಿಂದ ಅಜ್ಜಿ ಬಂದಾಗ ನಾಲ್ಕರ ಮಗು ಕ್ಲಾಸಿಗೆ ಓಡಬೇಕೆಂದು ಅಜ್ಜಿಯ ಹಾಡನ್ನು ಅರ್ಧಕ್ಕೇ ನಿಲ್ಲಿಸುವ ಮನೆಗಳಿವೆ. ಸಂಗೀತಕ್ಕಾಗಿ ಸಂಗೀತವನ್ನೇ ನಿಲ್ಲಿಸಿದಂತಾಯಿತಲ್ಲ! ಆ ಅಜ್ಜಿ ಕೊಡುತ್ತಿರುವುದು ತಾಳ, ಶ್ರುತಿ, ನೆನಪು, ಕನ್ನಡ, ನಾಲ್ಕೂ ಒಟ್ಟಿಗೆ, ಅದೂ ಪುಕ್ಕಟೆ. ಪರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅದು ಮತ್ತೆ ಸಿಗುವುದು ದುರ್ಲಭ. ಪಿಯಾನೋ ಮುಂದಿನ ವರ್ಷವೂ ಇರುತ್ತದೆ.

ಕೊನೆಯಲ್ಲಿ ನಮ್ಮ ಕನ್ನಡ ಸಂಘಗಳಿಗೆ ಮೂರು ಒತ್ತಾಯಗಳು. ಮೂರರಿಂದ ಆರರ ಮಕ್ಕಳಿಗಾಗಿ ಭಾನುವಾರ ಒಂದು ತಾಸು ಸಾಮೂಹಿಕ ಗಾಯನ, ಕೋಲಾಟ, ಚಪ್ಪಾಳೆ ಆಟ ಆರಂಭಿಸಿ. ಇದಕ್ಕೆ ಸಭಾಗೃಹದ ಒಂದು ಮೂಲೆ, ಹಾಡು ಬಲ್ಲ ಇಬ್ಬರು ತಾಯಂದಿರು ಸಾಕು. ಎರಡನೆಯದು, ಮಕ್ಕಳು ಮುಟ್ಟಿ ನೋಡಬಹುದಾದ ಒಂದು ಕೀಬೋರ್ಡನ್ನೂ ಒಂದು ಹಾರ್ಮೋನಿಯಮ್ಮನ್ನೂ ಅಲ್ಲಿಡಿ. ನಮ್ಮ ಕಪಾಟುಗಳ ಹಿಂದೆ ಚಾದರ ಹೊದ್ದು ನಿಂತವುಗಳಲ್ಲಿ ಒಂದನ್ನು ದಾನವಾಗಿ ಪಡೆದರೆ ಖರ್ಚೂ ಇಲ್ಲ. ಯಾವ ಮಗು ಮತ್ತೆ ಮತ್ತೆ ಅದರತ್ತ ಹೋಗುತ್ತದೆ ಎಂಬುದನ್ನು ಹೆತ್ತವರು ದೂರದಿಂದ ನೋಡಲಿ, ಅರ್ಧ ತೀರ್ಮಾನ ಅಲ್ಲೇ ಆದಂತೆ. ಮೂರನೆಯದು, ರಾಜ್ಯೋತ್ಸವದ ವೇದಿಕೆಯಲ್ಲಿ ಗ್ರೇಡ್ ಪಾಸಾದ ಮಕ್ಕಳಿಗೆ ಶಾಲು ಹೊದಿಸುವ ಹೊಸ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಶಾಲಿನ ಬದಲು ಆ ಮಗುವಿಗೆ ಐದು ನಿಮಿಷ ಕೊಡಿ, ತನಗೆ ಇಷ್ಟವಾದದ್ದನ್ನು ನುಡಿಸಲಿ, ನಾವು ಮಾತಾಡದೆ ಕೇಳೋಣ.

ನಮ್ಮ ಮಾತು ಕಟುವೆನಿಸಿದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ, ಸಂತೋಷ. ಆದರೆ ಬರೆಯುವ ಮುನ್ನ ಇಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ ಮಗುವಿನೊಂದಿಗೆ ಹದಿನೈದು ನಿಮಿಷ ಕೂತು ಒಂದು ಹಾಡು ಹಾಡಿ ನೋಡಲಿ. ನಾಳೆಯೂ, ನಾಡಿದ್ದೂ ಹಾಗೆ ಕೂಡಲು ಸಾಧ್ಯವಾದರೆ ಆ ಮನೆ ಸಿದ್ಧವಾಗಿದೆ. ಸಾಧ್ಯವಾಗದಿದ್ದರೆ ಮಗುವಿನ ವಯಸ್ಸು ನಾಲ್ಕೋ ಹದಿನಾಲ್ಕೋ, ಏನೂ ವ್ಯತ್ಯಾಸವಿಲ್ಲ.